ಪೈಲಟ್ ಪಾರಾದರು ಸರಿ, ಅವರ ಬೆನ್ನು?

ಮಾನ್ಯ ಸಂಪಾದಕರೇ,

2023ರ ಜೂನ್ 1ರಂದು ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಇಬ್ಬರೂ ಪೈಲಟ್‌ಗಳು ಸೀಟ್ ಸಮೇತ ಹೊರಚಿಮ್ಮಿ ಬದುಕಿದರು. 2019ರ ಫೆಬ್ರುವರಿಯಲ್ಲಿ ಯಲಹಂಕದ ಆಕಾಶದಲ್ಲಿ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ಡಿಕ್ಕಿಯಾದಾಗ ಒಬ್ಬರು ತೀರಿಕೊಂಡರು, ಇಬ್ಬರು ಇದೇ ರೀತಿ ಉಳಿದರು. ಇಂಥ ಸುದ್ದಿಗಳೆಲ್ಲ ‘ಪೈಲಟ್ ಪಾರು’ ಎಂಬಲ್ಲಿಗೆ ಮುಗಿಯುತ್ತವೆ. ಗಗನಯಾತ್ರಿಗಳ ಸುದ್ದಿ ಕ್ಯಾಪ್ಸೂಲ್ ಸಮುದ್ರಕ್ಕಿಳಿದ ಫೋಟೊದೊಂದಿಗೆ ಮುಗಿಯುತ್ತದೆ. ಆದರೆ ಬೆನ್ನುಮೂಳೆಯ ವೈದ್ಯರ ಕೆಲಸ ಶುರುವಾಗುವುದೇ ಅಲ್ಲಿಂದ.

ಈ ವಿಷಯ ಬರೆಯಲು ಬೆಂಗಳೂರಿಗಿಂತ ಸೂಕ್ತ ಊರಿಲ್ಲ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದು ಇಲ್ಲಿ, ಇಸ್ರೊದ ಮಾನವಸಹಿತ ಬಾಹ್ಯಾಕಾಶ ಯಾನ ಕೇಂದ್ರ ಇರುವುದೂ ಇಲ್ಲಿ, ತೇಜಸ್ ಮತ್ತು ಧ್ರುವ್ ತಯಾರಾಗುವುದೂ ಇಲ್ಲೇ. ಆದರೂ ಎಂಜಿನ್ನಿನ ನೂಕುಬಲ, ಕ್ಷಿಪಣಿಯ ದೂರ ಎಲ್ಲವೂ ಅಚ್ಚಾಗುತ್ತವೆ, ಸೀಟಿನಲ್ಲಿ ಕೂತವರ ಕತ್ತು-ಸೊಂಟದ ಮಾತು ಮಾತ್ರ ಬರುವುದಿಲ್ಲ. ನಮ್ಮ ಹೇಳಿಕೆ ಇಷ್ಟು: ಹಾರುವವರ ಬೆನ್ನು ಮತ್ತು ಕತ್ತಿನ ತೊಂದರೆ ಬಹುಪಾಲು ಮುಂಚೆಯೇ ಅಂದಾಜು ಮಾಡಬಹುದಾದದ್ದು, ತಡೆಯಬಹುದಾದದ್ದು. ಅದು ಕೈಮೀರುವುದು ನೋವು ಹೇಳಿಕೊಂಡವರಿಗೇ ನಷ್ಟವಾಗುವ ಪದ್ಧತಿಯಿಂದ.

ಮೊದಲು ಎಜೆಕ್ಷನ್, ಅಂದರೆ ಸೀಟ್ ಸಮೇತ ಹೊರಚಿಮ್ಮುವುದು. ತೊಡೆಗಳ ನಡುವಿನ ಹಿಡಿಕೆಯನ್ನು ಎಳೆದ ಕ್ಷಣದಲ್ಲೇ ಭುಜದ ಪಟ್ಟಿಗಳು ಬಿಗಿದು ಪೈಲಟ್‌ನ ಎದೆಯನ್ನು ಸೀಟಿಗೆ ಒತ್ತುತ್ತವೆ. ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಹಾರಿಹೋಗುತ್ತದೆ, ಇಲ್ಲವೇ ಅದಕ್ಕೆ ಅಂಟಿಸಿದ ಸ್ಫೋಟಕ ದಾರದಿಂದ ಒಡೆಯುತ್ತದೆ. ಸೀಟಿನ ಹಿಂದಿನ ನಳಿಗೆಯಲ್ಲಿರುವ ಮದ್ದು ಉರಿದು ಸೀಟನ್ನು ಹಳಿಯ ಮೇಲೆ ದಬ್ಬುತ್ತದೆ, ಕಾಲುಗಳು ಪಟ್ಟಿಯಿಂದ ಹಿಂದಕ್ಕೆ ಸೆಳೆಯಲ್ಪಡುತ್ತವೆ, ಆಮೇಲೆ ಸೀಟಿನಡಿಯ ರಾಕೆಟ್ ಹೊತ್ತಿಕೊಳ್ಳುತ್ತದೆ. ಹಿಡಿಕೆ ಎಳೆದು ಪ್ಯಾರಾಚೂಟ್ ಬಿಚ್ಚಿಕೊಳ್ಳುವವರೆಗೆ, ಕಡಿಮೆ ಎತ್ತರದಲ್ಲಾದರೆ, ಎರಡು-ಮೂರು ಸೆಕೆಂಡು. ಬೆನ್ನಿಗೆ ಪೆಟ್ಟಾಗುವುದು ನಳಿಗೆಯ ದಬ್ಬುವಿಕೆಯ ಹೊತ್ತಿನಲ್ಲಿ, ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯದಲ್ಲಿ. ಆಗ ದೇಹದ ಮೇಲಿನ ಭಾರ ತನ್ನ ತೂಕದ 12ರಿಂದ 20 ಪಟ್ಟು ಏರುತ್ತದೆ.

ಮುರಿಯುವುದು ಎಲ್ಲಿ? ಹೆಚ್ಚಾಗಿ ಬೆನ್ನುಮೂಳೆಯ ಮಣಿಗಳಲ್ಲಿ ಎದೆಭಾಗದ ಹನ್ನೆರಡನೇ ಮಣಿ ಮತ್ತು ಸೊಂಟದ ಮೊದಲನೇ ಮಣಿ. ಪಕ್ಕೆಲುಬುಗಳ ಬಿಗಿ ಚೌಕಟ್ಟು ಮುಗಿದು ಬಾಗುವ ಸೊಂಟ ಶುರುವಾಗುವ ಜಾಗ ಅದು. ದೇಹ ಮುಂದಕ್ಕೆ ಬಾಗಿದ್ದರೆ ಭಾರವೆಲ್ಲ ಮಣಿಯ ಮುಂಭಾಗಕ್ಕೆ ಬಿದ್ದು ಅದು ಬೆಣೆಯಾಕಾರಕ್ಕೆ ಕುಸಿಯುತ್ತದೆ. ಹಿಡಿಕೆ ಎಲ್ಲಿದೆ ಎಂದು ತಲೆ ಬಗ್ಗಿಸಿ ನೋಡಿದವರಿಗೆ ಕತ್ತಿನ ಮಣಿಗೂ ಇದೇ ಗತಿ. ಅದಕ್ಕೇ ತರಬೇತಿಯಲ್ಲಿ ಹಿಡಿಕೆಯನ್ನು ಕಣ್ಣುಮುಚ್ಚಿ ಹುಡುಕುವುದನ್ನು ಕೈಗೆ ರೂಢಿ ಮಾಡಿಸುತ್ತಾರೆ. ಭಂಗಿ ಹೀಗಿರಬೇಕು: ಪೃಷ್ಠ ಸೀಟಿನ ಹಿಂಬದಿಗೆ ತಾಗಿರಬೇಕು, ಬೆನ್ನು ನೇರ, ತಲೆ ಹಿಂದಿನ ಒರಗಿಗೆ ಒತ್ತಿರಬೇಕು, ಗದ್ದ ತುಸು ಮೇಲೆ, ಮೊಣಕೈ ಮೈಗೆ ಅಂಟಿರಬೇಕು. ಸೊಂಟಪಟ್ಟಿ ಸಡಿಲವಾಗಿದ್ದರೆ ಭಂಗಿ ಎಷ್ಟೇ ಸರಿ ಇದ್ದರೂ ಪ್ರಯೋಜನವಿಲ್ಲ, ದೇಹ ಸೀಟಿನಲ್ಲಿ ಜಾರಿ ಬಾಗಿಯೇ ಬಾಗುತ್ತದೆ.

ಕೂತು ಕೂತು ಸೊಂಟ ನೋಯುತ್ತದೆ ಎಂದು ಎಜೆಕ್ಷನ್ ಸೀಟಿನ ಮೇಲೆ ಮೆತ್ತನೆಯ ದಿಂಬು ಹಾಕಿಕೊಳ್ಳುವವರು ಇದ್ದಾರೆ. ಇದು ಅಪಾಯ. ಸೀಟು ಮೇಲೇಳುವಾಗ ಮೊದಲು ದಿಂಬು ಕುಗ್ಗುತ್ತದೆ; ಅದು ಕುಗ್ಗಿ ಮುಗಿಯುವಷ್ಟರಲ್ಲಿ ಸೀಟು ವೇಗ ಪಡೆದಿರುತ್ತದೆ, ದೇಹ ಇನ್ನೂ ಹಿಂದೆ ಬಿದ್ದಿರುತ್ತದೆ. ಆಮೇಲೆ ಸೀಟು ದೇಹಕ್ಕೆ ಗುದ್ದುತ್ತದೆ. ಸೀಟಿನ ಜತೆ ಬರುವ ಮೆತ್ತೆ ಗಟ್ಟಿಯಾಗಿರುವುದು ಕಂಪನಿಯವರ ಜಿಪುಣತನದಿಂದಲ್ಲ.

ಪ್ಯಾರಾಚೂಟ್‌ನಲ್ಲಿ ಇಳಿಯುವವರು ನೆಲ ಮುಟ್ಟುವುದು ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ. ಪಾದ, ಮೊಣಕಾಲು ಜೋಡಿಸಿ, ಮೊಣಕಾಲು ತುಸು ಮಡಚಿ, ಪಕ್ಕಕ್ಕೆ ಉರುಳಿದರೆ ಭಾರ ಹಂಚಿಹೋಗುತ್ತದೆ. ಕಾಲು ಚಾಚಿ ನಿಂತ ಹಾಗೆ ಇಳಿದರೆ ಹಿಮ್ಮಡಿ, ಕಣಕಾಲು, ಆಗಲೇ ಪೆಟ್ಟುತಿಂದ ಸೊಂಟದ ಮಣಿ, ಮೂರೂ ಒಟ್ಟಿಗೆ ಹೋಗುತ್ತವೆ.

ಇನ್ನೊಂದು ಮಾತು ಹಳ್ಳಿಯವರಿಗೆ ಮತ್ತು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಏಕೆಂದರೆ ವಿಮಾನ ಬೀಳುವುದು ಹೊಲದಲ್ಲಿ. ಹೊರಬಂದ ಪೈಲಟ್ ಮಾತಾಡುತ್ತಿರಬಹುದು, ಎದ್ದು ನಡೆಯುತ್ತಲೂ ಇರಬಹುದು. ಆ ಹೊತ್ತಿನ ಉದ್ವೇಗದಲ್ಲಿ ಮುರಿದ ಮಣಿಯ ನೋವು ಗಂಟೆಗಟ್ಟಲೆ ತಿಳಿಯದೇ ಇರುವುದುಂಟು. ಕುರ್ಚಿಯಲ್ಲಿ ಕೂರಿಸಬೇಡಿ, ಬೈಕಿನ ಹಿಂದೆ ಹತ್ತಿಸಬೇಡಿ, ಫೋಟೊಗೆ ನಿಲ್ಲಿಸಬೇಡಿ. ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ. ಹೊರಳಿಸಲೇಬೇಕಾದರೆ ನಾಲ್ವರು ಸೇರಿ, ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಎಣಿಕೆಯ ಮೇಲೆ ಇಡೀ ದೇಹವನ್ನು ಒಂದೇ ತುಂಡಿನಂತೆ ಹೊರಳಿಸಬೇಕು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಅವಸರ ಬೇಡ. ತೆಗೆಯುವುದಾದರೆ ಒಬ್ಬರು ಕತ್ತು ಹಿಡಿಯಲಿ, ಇನ್ನೊಬ್ಬರು ತೆಗೆಯಲಿ. ಕಾಲ್ಬೆರಳು ಅಲುಗಾಡುತ್ತಿದೆಯೇ, ತೊಡೆಸಂದಿನಲ್ಲಿ ಮರಗಟ್ಟಿದೆಯೇ, ಮೂತ್ರ ಬರುತ್ತಿದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ನೋಯುವ ಜಾಗದ ಎಕ್ಸ್-ರೇ ಸಾಲದು. ಕತ್ತಿನಿಂದ ಬಾಲದೆಲುಬಿನವರೆಗೆ ಇಡೀ ಬೆನ್ನುಮೂಳೆಯ ಚಿತ್ರ ಬೇಕು, ಏಕೆಂದರೆ ಒಂದು ಕಡೆ ಮುರಿತ ಸಿಕ್ಕರೆ ದೂರದ ಇನ್ನೊಂದು ಕಡೆಯೂ ಇರುವ ಸಂಭವ ಹೆಚ್ಚು. ಎಕ್ಸ್-ರೇಯಲ್ಲಿ ಕಾಣದ ಮಣಿಯೊಳಗಿನ ಜಜ್ಜು ಎಂಆರ್‌ಐಯಲ್ಲಿ ಕಾಣುತ್ತದೆ. ಹತ್ತಿರದಲ್ಲಿ ಬಿದ್ದ ಸೀಟನ್ನು ಯಾರೂ ಮುಟ್ಟಬಾರದು, ಉರಿಯದೆ ಉಳಿದ ಮದ್ದು ಅದರಲ್ಲಿರಬಹುದು.

ಇದು ಅಪರೂಪದ ಪೆಟ್ಟು. ದಿನನಿತ್ಯದ ಸವೆತ ಬೇರೆ, ಅದರಲ್ಲಿ ಮೊದಲ ಸ್ಥಾನ ಯುದ್ಧವಿಮಾನದವರ ಕತ್ತಿಗೆ. ತಲೆಯ ತೂಕ ಸುಮಾರು ಐದು ಕಿಲೊ, ಹೆಲ್ಮೆಟ್, ಮಾಸ್ಕ್, ಗುರಿ ತೋರಿಸುವ ಉಪಕರಣ ಸೇರಿ ಇನ್ನೆರಡು ಕಿಲೊ. ಎಂಟು ಜಿ, ಅಂದರೆ ಎಲ್ಲದರ ತೂಕ ಎಂಟು ಪಟ್ಟಾಗುವ ತಿರುವಿನಲ್ಲಿ ಈ ಏಳು ಕಿಲೊ ಐವತ್ತಾರು ಕಿಲೊ ಆಗುತ್ತದೆ. ತಲೆಯ ಮೇಲೆ ಒಂದು ಅಕ್ಕಿಮೂಟೆ ಇಟ್ಟು, ಅದೇ ಹೊತ್ತಿಗೆ ಹಿಂದೆ ಯಾರಿದ್ದಾರೆ ನೋಡು ಎಂದ ಹಾಗೆ. ಎದುರಾಳಿ ಇರುವುದು ಸಾಮಾನ್ಯವಾಗಿ ಹಿಂದೆ, ಆದ್ದರಿಂದ ಕತ್ತು ಹಿಂದಕ್ಕೆ ಬಾಗಿ ಪಕ್ಕಕ್ಕೆ ತಿರುಗಿರುತ್ತದೆ. ಕತ್ತಿನ ಹಿಂಭಾಗದ ಚಿಕ್ಕ ಕೀಲುಗಳು ಒತ್ತಿಕೊಳ್ಳುವ, ನರ ಹೊರಬರುವ ರಂಧ್ರ ಕಿರಿದಾಗುವ ಭಂಗಿ ಅದೇ. ಭಾರ ಬಿದ್ದ ಮೇಲೆ ತಲೆ ತಿರುಗಿಸಿದವರಿಗೆ ಸ್ನಾಯು ಹರಿಯುತ್ತದೆ, ಕೆಲವೊಮ್ಮೆ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಸರಿಯುತ್ತದೆ, ಭುಜದಿಂದ ಹೆಬ್ಬೆರಳವರೆಗೆ ಜುಮುಜುಮು ಶುರುವಾಗುತ್ತದೆ.

ಹಿಂದಿನ ಸೀಟಿನಲ್ಲಿ ಕೂತವರಿಗೆ ಹೆಚ್ಚು ಪೆಟ್ಟು. ವಿಮಾನ ತಿರುಗಿಸುವ ಸ್ಟಿಕ್ ಅವರ ಕೈಯಲ್ಲಿಲ್ಲ, ತಿರುವು ಯಾವಾಗ ಬರುತ್ತದೆಂದು ಗೊತ್ತಿಲ್ಲ. ಪರದೆಯ ಮೇಲೆ ಬಗ್ಗಿದ ಹೊತ್ತಿನಲ್ಲಿ ಆರು ಜಿ ಬಂದುಬಿಟ್ಟರೆ ಗದ್ದ ಎದೆಗೆ ಬಡಿಯುತ್ತದೆ. ಸ್ಟಿಕ್ ಹಿಡಿದವರು ಎಳೆಯುವ ಮುನ್ನ ಒಂದು ಮಾತು ಹೇಳುವುದು ಸೌಜನ್ಯವಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ. ಉಳಿದದ್ದೂ ಸರಳ: ತಲೆಯನ್ನು ಬೇಕಾದ ಕಡೆಗೆ ಮೊದಲೇ ತಿರುಗಿಸಿ ಸೀಟಿಗೋ ಮುಚ್ಚಳದ ಚೌಕಟ್ಟಿಗೋ ಆನಿಸಿ, ಆಮೇಲೆ ಎಳೆಯಿರಿ. ಭಂಗಿ ಬದಲಿಸಬೇಕಾದರೆ ಒಂದು ಕ್ಷಣ ಜಿ ಇಳಿಸಿ. ಸಾಧ್ಯವಾದಷ್ಟು ಕತ್ತಿಗಿಂತ ಕಣ್ಣನ್ನು, ಎದೆಯನ್ನು ತಿರುಗಿಸಿ.

ಜಿ ತಡೆಯುವ ಉಸಿರಾಟದ ವಿಧಾನ ಗೊತ್ತಿರುವವರಿಗೂ ಅದರ ಅರ್ಧ ಭಾಗ ಕಾಲಿನದು ಎಂಬುದು ಮರೆತುಹೋಗುತ್ತದೆ. ತೊಡೆ, ಮೀನಖಂಡ, ಪೃಷ್ಠದ ಸ್ನಾಯು ಬಿಗಿದು, ಹೊಟ್ಟೆ ಬಿಗಿದು, ಉಸಿರು ಎಳೆದು ಗಂಟಲು ಮುಚ್ಚಿ ಒತ್ತಿ, ಸುಮಾರು ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಬದಲಿಸಬೇಕು. ಕಾಲು ಸಡಿಲ ಬಿಟ್ಟು ಭುಜ ಕತ್ತು ಮಾತ್ರ ಬಿಗಿದರೆ ತಲೆಗೆ ರಕ್ತವೂ ನಿಲ್ಲದು, ಕತ್ತು ಮೊದಲೇ ದಣಿದಿರುತ್ತದೆ. ಬರಿ ಓಟ ಓಡಿ ‘ಫಿಟ್’ ಆಗಿರುವವರಿಗಿಂತ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡುವವರ ಕತ್ತು ಉಳಿಯುವುದಕ್ಕೆ ಇದೂ ಒಂದು ಕಾರಣ.

ಕತ್ತಿನ ವ್ಯಾಯಾಮದಿಂದ ಫಲ ಇದೆಯೇ ಎಂದು ಕೇಳುವವರಿಗೆ: ಡೆನ್ಮಾರ್ಕ್ ವಾಯುಪಡೆಯ ಎಫ್-16 ಪೈಲಟ್‌ಗಳಿಗೆ 24 ವಾರ, ವಾರಕ್ಕೆ ಮೂರು ಸಲ 20 ನಿಮಿಷದ ವ್ಯಾಯಾಮ ಮಾಡಿಸಿ ನೋಡಿದಾಗ ಮಾಡದವರಿಗಿಂತ ಕತ್ತುನೋವು ಇಳಿಯಿತು. ಅದರ ತಿರುಳು ಹೀಗೆ. ಅಂಗಾತ ಮಲಗಿ ಗದ್ದವನ್ನು ಕತ್ತಿನ ಕಡೆಗೆ ಮೆಲ್ಲಗೆ ಎಳೆದು ಹತ್ತು ಸೆಕೆಂಡು ಹಿಡಿಯುವುದು, ಹತ್ತು ಸಲ. ಕತ್ತಿನ ಮುಂಭಾಗದ ಆಳದ ಸ್ನಾಯುಗಳು ದೊಡ್ಡ ಸ್ನಾಯುಗಳ ಹಿಂದೆ ಅಡಗಿ ಸೋಮಾರಿಯಾಗಿರುತ್ತವೆ, ಇದು ಅವನ್ನು ಎಬ್ಬಿಸುತ್ತದೆ. ಆಮೇಲೆ ರಬ್ಬರ್ ಪಟ್ಟಿಯನ್ನು ತಲೆಗೆ ಸುತ್ತಿ ಮುಂದೆ, ಹಿಂದೆ, ಎಡ, ಬಲ, ತಲೆ ಕದಲದಂತೆ ತಡೆಯುವುದು. ಜತೆಗೆ ಭುಜದ ಎಲುಬನ್ನು ಹಿಂದಕ್ಕೆ ಕೆಳಕ್ಕೆ ಸೆಳೆಯುವ ವ್ಯಾಯಾಮ. ಬಲ ಏರಿಸುವುದು ವಾರಗಳ ಲೆಕ್ಕದಲ್ಲಿ, ಒಂದೇ ವಾರದಲ್ಲಿ ಅಲ್ಲ. ಹಾರುವ ಮುನ್ನ ಐದು ನಿಮಿಷ ಕತ್ತು-ಭುಜ ಬೆಚ್ಚಗೆ ಮಾಡಿಕೊಳ್ಳಬೇಕು. ಆ ಐದು ನಿಮಿಷ ಬ್ರೀಫಿಂಗ್ ವೇಳಾಪಟ್ಟಿಯಲ್ಲೇ ಬರೆದಿರದಿದ್ದರೆ ಯಾರೂ ಮಾಡುವುದಿಲ್ಲ.

ಶೀರ್ಷಾಸನದಿಂದ ಕತ್ತು ಗಟ್ಟಿಯಾಗುತ್ತದೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಯೋಗದ ಬಗ್ಗೆ ನಮ್ಮದೇನೂ ತಕರಾರಿಲ್ಲ, ಬಾಗು-ಚಲನೆಗೆ ಅದು ಒಳ್ಳೆಯದೇ. ಆದರೆ ಕತ್ತಿನ ಡಿಸ್ಕ್ ಆಗಲೇ ಉಬ್ಬಿರುವ ಪೈಲಟ್ ತಲೆಕೆಳಗಾಗಿ ಅದರ ಮೇಲೆ ದೇಹದ ಭಾರ ಹೇರುವುದು ಬೇಡ. ಸೊಂಟದ ಡಿಸ್ಕ್ ತೊಂದರೆ ಇದ್ದವರಿಗೆ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವೂ ಬೇಡ.

ಹೆಲ್ಮೆಟ್‌ನ ತೂಕ ಎಲ್ಲರ ಕತ್ತಿಗೂ ಒಂದೇ ಅಲ್ಲ. ಅಮೆರಿಕದ ಎಫ್-35ರ ಹೆಲ್ಮೆಟ್ ಮೊದಲು ಸುಮಾರು 2.3 ಕಿಲೊ ಇತ್ತು. ಎಜೆಕ್ಷನ್ ಪರೀಕ್ಷೆಯಲ್ಲಿ ಹಗುರ ಮೈಕಟ್ಟಿನವರ ಕತ್ತಿಗೆ ಅಪಾಯ ಕಂಡದ್ದರಿಂದ 2015ರಲ್ಲಿ ಸುಮಾರು 62 ಕಿಲೊಗಿಂತ ಕಡಿಮೆ ತೂಕದ ಪೈಲಟ್‌ಗಳು ಅದನ್ನು ಹಾರಿಸುವಂತಿಲ್ಲ ಎಂದು ನಿಲ್ಲಿಸಿ, ಹೆಲ್ಮೆಟ್ ಹಗುರ ಮಾಡಿ, ಸೀಟಿಗೆ ತಲೆ ತಡೆಯುವ ಪಟ್ಟಿ ಮತ್ತು ಹಗುರ ಮೈಯವರಿಗಾಗಿ ಪ್ಯಾರಾಚೂಟ್ ತಡವಾಗಿ ಬಿಚ್ಚುವ ಸ್ವಿಚ್ ಸೇರಿಸಿ, 2017ರಲ್ಲಿ ನಿರ್ಬಂಧ ತೆಗೆದರು. ಈ ಪ್ರಶ್ನೆ ನಮಗೂ ದೂರದ್ದಲ್ಲ: ನಮ್ಮ ವಾಯುಪಡೆಯ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳು 2016ರಲ್ಲಿ ಸೇರ್ಪಡೆಯಾದ ಮೇಲೆ ಹಾಕ್ ವಿಮಾನದ ತರಬೇತಿ ಪಡೆದದ್ದು ನಮ್ಮ ಬೀದರಿನಲ್ಲೇ. ಹೊಸ ಹೆಲ್ಮೆಟ್ ಕೊಳ್ಳುವಾಗ ತೂಕದ ಜತೆ ತೂಕದ ಕೇಂದ್ರ ಎಲ್ಲಿದೆ ಎಂಬುದನ್ನೂ ಟೆಂಡರ್‌ನಲ್ಲಿ ಬರೆಯಬೇಕು. ಹಣೆಯ ಮುಂದೆ ನೇತಾಡುವ ಇನ್ನೂರು ಗ್ರಾಂ, ನೆತ್ತಿಯ ಮೇಲಿನ ಇನ್ನೂರು ಗ್ರಾಂಗಿಂತ ಕತ್ತಿಗೆ ಹೆಚ್ಚು ಹೊರೆ.

ಈ ಮಾತು ಹೆಲಿಕಾಪ್ಟರ್‌ನವರಿಗೆ ಚೆನ್ನಾಗಿ ಗೊತ್ತು. ರಾತ್ರಿ ನೋಡುವ ಕನ್ನಡಕ ಹೆಲ್ಮೆಟ್‌ನ ಮುಂದೆ ಸಿಕ್ಕಿಸಿದರೆ ತಲೆ ಮುಂದಕ್ಕೆ ವಾಲುತ್ತದೆ, ಅದನ್ನು ಸರಿದೂಗಿಸಲು ಹಿಂದೆ ಬ್ಯಾಟರಿ ಮತ್ತು ಎದುರುಭಾರ ಕಟ್ಟುತ್ತಾರೆ. ವಾಲುವುದು ನಿಲ್ಲುತ್ತದೆ, ಆದರೆ ಒಟ್ಟು ತೂಕ ಏರುತ್ತದೆ. ಕನ್ನಡಕದ ನೋಟ ಕಿರಿದಾಗಿರುವುದರಿಂದ ಪ್ರತಿ ಸಲವೂ ಕತ್ತನ್ನೇ ತಿರುಗಿಸಬೇಕು. ಎರಡು ಗಂಟೆಯ ರಾತ್ರಿ ಹಾರಾಟದ ನಂತರ ಭುಜದ ಮೇಲ್ಭಾಗ ಕಲ್ಲಾಗಿರುತ್ತದೆ.

ಅವರ ಸೊಂಟಕ್ಕೆ ಎರಡು ಶತ್ರು. ಒಂದು ಭಂಗಿ: ಎಡಗೈ ಕೆಳಗಿನ ಕಲೆಕ್ಟಿವ್ (ಏರಿಸಿ ಇಳಿಸುವ ಹಿಡಿಕೆ) ಮೇಲೆ, ಬಲಗೈ ಕಾಲುಗಳ ನಡುವಿನ ಸೈಕ್ಲಿಕ್ (ದಿಕ್ಕು ನಿಯಂತ್ರಿಸುವ ಹಿಡಿಕೆ) ಮೇಲೆ, ಎರಡೂ ಪಾದ ಪೆಡಲ್ ಮೇಲೆ. ಎಡಕ್ಕೆ ಓರೆಯಾಗಿ ಮುಂದಕ್ಕೆ ಗೂನಿ ಕೂರದೆ ಬೇರೆ ದಾರಿಯಿಲ್ಲ, ಬೆನ್ನು ಒರಗಿಗೆ ತಾಗುವುದೇ ಇಲ್ಲ. ಇನ್ನೊಂದು ಕಂಪನ. ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 6 ಸಲದ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅನೇಕ ಹೆಲಿಕಾಪ್ಟರ್‌ಗಳ ಮುಖ್ಯ ರೋಟರ್ ನಿಮಿಷಕ್ಕೆ 300ರಿಂದ 350 ಸುತ್ತು, ಅಂದರೆ ಸೆಕೆಂಡಿಗೆ ಐದು-ಆರು ಸುತ್ತು ತಿರುಗುತ್ತದೆ. ರೋಟರ್ ಎಲೆಗಳ ಸಮತೋಲ ತಪ್ಪಿ ಒಂದು ಎಲೆ ಉಳಿದವುಗಳ ಹಾದಿಯಿಂದ ತುಸು ಮೇಲೋ ಕೆಳಗೋ ಓಡಿದರೆ ಸುತ್ತಿಗೊಂದು ಪೆಟ್ಟು ಸೀಟಿಗೆ ಬರುತ್ತದೆ, ಅದು ಬೆನ್ನಿಗೆ ಅತಿ ಕೆಟ್ಟದಾದ ಲಯದಲ್ಲೇ ಬರುತ್ತದೆ. ಆದ್ದರಿಂದ ಎಲೆಗಳ ಟ್ರ್ಯಾಕಿಂಗ್ ಸರಿಪಡಿಸುವ ತಂತ್ರಜ್ಞರು ಅರ್ಧ ಬೆನ್ನುವೈದ್ಯರೇ. ಧ್ರುವ್‌ನಲ್ಲಿ ರೋಟರ್ ಮತ್ತು ಒಡಲಿನ ನಡುವೆ ಕಂಪನ ತಡೆಯುವ ವ್ಯವಸ್ಥೆ ಇದೆ, ಹಳೆಯ ಚೇತಕ್, ಚೀತಾಗಳಲ್ಲಿ ಕೂತವರಿಗೆ ಆ ಭಾಗ್ಯವಿಲ್ಲ. ಸೊಂಟದ ಒಳಬಾಗಿಗೆ ಆನಿಕೆ, ಕಲೆಕ್ಟಿವ್ ಹಿಡಿದ ಮುಂಗೈಯನ್ನು ತೊಡೆಗೆ ಆನಿಸುವ ರೂಢಿ, ಎರಡು ಹಾರಾಟದ ನಡುವೆ ಇಳಿದು ಹಿಂದಕ್ಕೆ ಬಾಗಿ ಎರಡು ನಿಮಿಷ ನಡೆಯುವುದು, ಇಷ್ಟರಿಂದಲೂ ವ್ಯತ್ಯಾಸ ಕಾಣುತ್ತದೆ.

ಪ್ರಯಾಣಿಕ ವಿಮಾನದ ಪೈಲಟ್‌ಗಳ ಕಷ್ಟ ಕಚೇರಿಯವರ ಕಷ್ಟಕ್ಕೆ ಹತ್ತಿರ, ಎದ್ದು ಓಡಾಡುವ ಸ್ವಾತಂತ್ರ್ಯ ಮಾತ್ರ ಇಲ್ಲ. ಮೊದಲು ಸೀಟಿನ ಎತ್ತರವನ್ನು ಕಣ್ಣು ಎಲ್ಲಿರಬೇಕೆಂದು ತೋರಿಸುವ ಗುರುತಿಗೆ ಹೊಂದಿಸಿ, ಆಮೇಲೆ ರಡ್ಡರ್ ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರುವಂತೆ, ಕೊನೆಗೆ ಸೊಂಟದ ಆನಿಕೆಯ ಎತ್ತರ ಮತ್ತು ಆಳ. ಈ ಕ್ರಮ ತಿರುವುಮುರುವಾದರೆ ಆನಿಕೆ ಬೆನ್ನಿನ ಮಧ್ಯಕ್ಕೆ ಚುಚ್ಚುತ್ತದೆ. ಸೀಟಿನ ಪಕ್ಕದ ಬ್ಯಾಗನ್ನು ಕೂತಲ್ಲಿಂದಲೇ ತಿರುಚಿ ಎತ್ತುವುದು ಬೇಡ.

ಇನ್ನು ಪತ್ರದ ಮುಖ್ಯ ಮಾತಿಗೆ ಬರುತ್ತೇವೆ. ಇಷ್ಟೆಲ್ಲ ಗೊತ್ತಿದ್ದೂ ಪೈಲಟ್‌ಗಳು ಏಕೆ ತಡವಾಗಿ ಬರುತ್ತಾರೆ? ನೋವು ಎಂದು ಬರೆಸಿದರೆ ವೈದ್ಯಕೀಯ ಕೆಟಗರಿ ಇಳಿಯುತ್ತದೆ, ಪೂರ್ಣ ಹಾರಾಟಕ್ಕೆ ಬೇಕಾದ ಎ1ಜಿ1 ದರ್ಜೆ ಹೋಗುತ್ತದೆ, ಕೋರ್ಸ್ ತಪ್ಪುತ್ತದೆ. ನಾಗರಿಕ ವಿಮಾನದವರಾದರೆ ‘ಟೆಂಪರರಿ ಅನ್‌ಫಿಟ್’ ಆಗಿ ಹಾರಾಟದ ಗಂಟೆಯ ಮೇಲೆ ನಿಂತ ಸಂಬಳದ ಭಾಗ ಕಡಿತವಾಗುತ್ತದೆ. ಹಾಗಾಗಿ ಊರಾಚೆ ಕ್ಲಿನಿಕ್‌ನಲ್ಲಿ ನಗದು ಕೊಟ್ಟು ಎಂಆರ್‌ಐ ಮಾಡಿಸಿಕೊಳ್ಳುತ್ತಾರೆ, ಅಂಗಡಿಯಲ್ಲಿ ಸ್ನಾಯು ಸಡಿಲಿಸುವ ಮಾತ್ರೆ ಕೊಳ್ಳುತ್ತಾರೆ. ಆ ಮಾತ್ರೆಗಳಲ್ಲಿ ಹೆಚ್ಚಿನವು ಮಂಪರು ತರುತ್ತವೆ, ಅವನ್ನು ನುಂಗಿ ಹಾರುವುದು ಬೆನ್ನುನೋವಿಗಿಂತ ದೊಡ್ಡ ಅಪಾಯ. ಕತ್ತಿನ ಸ್ನಾಯು ಸೆಳೆತ ಮೊದಲ ವಾರದಲ್ಲಿ ಗೊತ್ತಾದರೆ ಕೆಲವು ದಿನದ ವಿಶ್ರಾಂತಿ, ಫಿಸಿಯೋಥೆರಪಿಯಲ್ಲಿ ಮುಗಿಯುತ್ತದೆ. ಅದೇ ನೋವನ್ನು ಮುಚ್ಚಿಟ್ಟು ಆರು ತಿಂಗಳು ಜಿ ಎಳೆದವರು ಕೈ ಮರಗಟ್ಟಿದ ಮೇಲೆ ಬಂದರೆ ಹಾರಾಟವೇ ನಿಲ್ಲುವ ಸಂಭವ.

ನಮ್ಮ ಕೋರಿಕೆ ದೊಡ್ಡದಲ್ಲ. ಪ್ರತಿ ಹಾರಾಟದ ನೆಲೆಯಲ್ಲಿ, ಆಸ್ಪತ್ರೆಯಲ್ಲಲ್ಲ, ಸ್ಕ್ವಾಡ್ರನ್ ಕಟ್ಟಡದಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಇರಬೇಕು. ಮೊದಲ ಎರಡು ವಾರದ ನೋವಿಗೆ ಕೆಟಗರಿ ಮುಟ್ಟದೆ ಚಿಕಿತ್ಸೆ ಕೊಡುವ ಅವಕಾಶ ಬೇಕು. ಕಾಲು ಮರಗಟ್ಟುವಿಕೆ, ಕೈಯ ಬಲ ಕುಂದುವುದು, ಮೂತ್ರದ ತೊಂದರೆ, ರಾತ್ರಿ ನಿದ್ದೆ ಕೆಡಿಸುವ ನೋವು, ಇವು ಕಂಡರೆ ಮಾತ್ರ ಕೂಡಲೇ ವೈದ್ಯಕೀಯ ಬೋರ್ಡ್ ಮುಂದೆ. ವಿಮಾನಯಾನ ಕಂಪನಿಗಳೂ ಅನಾರೋಗ್ಯದ ರಜೆಯಲ್ಲಿ ಹಾರಾಟದ ಭತ್ಯೆಯ ಒಂದು ಪಾಲು ಉಳಿಸಿದರೆ ಮುಚ್ಚಿಡುವ ಆಸೆ ಅರ್ಧ ಇಳಿಯುತ್ತದೆ.

ಬಾಹ್ಯಾಕಾಶದಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಭಾರ ಹೆಚ್ಚಾಗಿ ಕಷ್ಟ, ಅಲ್ಲಿ ಭಾರವಿಲ್ಲದೆ ಕಷ್ಟ. ಮೊದಲ ಕೆಲವು ದಿನಗಳಲ್ಲೇ ಬೆನ್ನು ಉದ್ದವಾಗುತ್ತದೆ, ಕೆಲವರಲ್ಲಿ ಐದು ಸೆಂಟಿಮೀಟರಿನಷ್ಟು. ಸೊಂಟದ ಸಹಜ ಒಳಬಾಗು ಚಪ್ಪಟೆಯಾಗುತ್ತದೆ. ಅಮೆರಿಕದ ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಬೆನ್ನುನೋವು ಹೇಳಿಕೊಂಡಿದ್ದಾರೆ, ಬಹುಪಾಲು ಯಾನದ ಆರಂಭದ ದಿನಗಳಲ್ಲಿ, ಬಹುಪಾಲು ಸೌಮ್ಯ. ಮೊಣಕಾಲನ್ನು ಎದೆಗೆ ಅಪ್ಪಿಕೊಂಡು ಮುದುಡಿದರೆ ನೋವು ಇಳಿಯುತ್ತದೆ, ಅನೇಕರು ಹಾಗೆಯೇ ಮಲಗುತ್ತಾರೆ.

ಡಿಸ್ಕ್ ನೀರು ಹೀರಿ ಉಬ್ಬುವುದೇ ಎಲ್ಲಕ್ಕೂ ಕಾರಣ ಎಂದು ಬಹಳ ದಿನ ನಂಬಿದ್ದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಾಲ್ಕರಿಂದ ಏಳು ತಿಂಗಳು ಇದ್ದ ಆರು ನಾಸಾ ಯಾತ್ರಿಗಳ ಎಂಆರ್‌ಐ ತೆಗೆದಾಗ ಡಿಸ್ಕ್‌ಗಳು ಎಲ್ಲರಲ್ಲೂ ಒಂದೇ ರೀತಿ ಉಬ್ಬಿರಲಿಲ್ಲ. ಕುಗ್ಗಿದ್ದು ಬೆನ್ನುಮೂಳೆಯ ಅಕ್ಕಪಕ್ಕದ ಸ್ನಾಯು, ಸುಮಾರು 19 ಶೇಕಡ. ಮರಳಿದ ಒಂದೂವರೆ ತಿಂಗಳ ನಂತರ ಕಳೆದದ್ದರಲ್ಲಿ ಮೂರನೇ ಎರಡರಷ್ಟು ಮಾತ್ರ ವಾಪಸ್ ಬಂದಿತ್ತು. ನಮ್ಮ ಪ್ರಕಾರ ಇದು ಅತಿ ಮುಖ್ಯವಾದ ಅಂಕಿ, ಏಕೆಂದರೆ ಸ್ನಾಯುವನ್ನು ತರಬೇತಿಯಿಂದ ಉಳಿಸಿಕೊಳ್ಳಬಹುದು. ಯಾನದಿಂದ ಬಂದವರಲ್ಲಿ ಡಿಸ್ಕ್ ಸರಿಯುವ ಪ್ರಮಾಣ ಸಾಮಾನ್ಯರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು, ಅದರಲ್ಲೂ ಮೊದಲ ವರ್ಷ ಹೆಚ್ಚು. ಗುರುತ್ವಕ್ಕೆ ಮರಳಿದ ಬೆನ್ನನ್ನು ಹಿಡಿದು ನಿಲ್ಲಿಸಬೇಕಾದ ಸ್ನಾಯು ಸೊರಗಿರುವಾಗ ಬಗ್ಗಿ ಏನನ್ನಾದರೂ ಎತ್ತಿದರೆ ಆಗುವುದು ಇದೇ. ನಾಸಾದಲ್ಲಿ ಮರಳಿದವರಿಗೆ 45 ದಿನ, ದಿನಕ್ಕೆ ಎರಡು ಗಂಟೆ ಪುನಶ್ಚೇತನ ಕಡ್ಡಾಯ.

ನಿಲ್ದಾಣದಲ್ಲಿ ಸ್ನಾಯು ಉಳಿಸುವ ಯಂತ್ರ ನೋಡಬೇಕು. ತೂಕದ ಬಿಲ್ಲೆ ಅಲ್ಲಿ ಪ್ರಯೋಜನವಿಲ್ಲ, ಆದ್ದರಿಂದ ಎರಡು ನಿರ್ವಾತ ಸಿಲಿಂಡರ್‌ಗಳ ಪಿಸ್ಟನ್ ಎಳೆಯುವ ಏರ್ಪಾಟು ಮಾಡಿದ್ದಾರೆ. ಗಾಲಿಗಳು ತಿರುಗಿ ನೆಲದ ಮೇಲಿನ ಬಾರ್‌ಬೆಲ್‌ನ ಜಡತ್ವವನ್ನು ಅನುಕರಿಸುತ್ತವೆ. ಗರಿಷ್ಠ ಹೊರೆ ಸುಮಾರು 270 ಕಿಲೊ. ಅದರ ಹಿಂದಿನ ಯಂತ್ರದಲ್ಲಿ ಇದರ ಅರ್ಧದಷ್ಟೇ ಇತ್ತು, ಆಗ ಸೊಂಟದ ಮೂಳೆ ತಿಂಗಳಿಗೆ ಒಂದರಿಂದ ಒಂದೂವರೆ ಶೇಕಡ ಸಾಂದ್ರತೆ ಕಳೆದುಕೊಳ್ಳುತ್ತಿತ್ತು. ಹೆಚ್ಚು ಹೊರೆ, ಸಾಕಷ್ಟು ಊಟ, ದಿನಕ್ಕೆ 800 ಯೂನಿಟ್ ವಿಟಮಿನ್ ಡಿ, ಈ ಮೂರೂ ಸೇರಿದ ಮೇಲೆ ನಷ್ಟ ಬಹಳ ಇಳಿಯಿತು. ಅಲ್ಲಿ ಸ್ಕ್ವಾಟ್ ಮಾಡುವವರು ತಮ್ಮ ದೇಹದ ತೂಕವನ್ನೂ ಯಂತ್ರದಲ್ಲಿ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಅದು ನೆಲದಲ್ಲಿ ಮಾಡಿದ್ದಕ್ಕೆ ಸಮನಾಗದು. ಓಡುವ ಯಂತ್ರದಲ್ಲಿ ಭುಜ-ಸೊಂಟಕ್ಕೆ ಪಟ್ಟಿ ಕಟ್ಟಿ ಕೆಳಕ್ಕೆಳೆಯುತ್ತಾರೆ. ಪಟ್ಟಿ ಉಜ್ಜಿ ಭುಜ ಕೆಂಪಾಗುವುದರಿಂದ ಅನೇಕರು ಪೂರ್ತಿ ತೂಕ ಹಾಕಿಕೊಳ್ಳುವುದಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನಿಲ್ದಾಣ ಸಲ್ಯೂಟ್-7ರಲ್ಲಿ ಯೋಗ ಮಾಡಿದ್ದು ನಮಗೆಲ್ಲ ಹೆಮ್ಮೆ, ಎಂಟು ದಿನಕ್ಕೆ ಅದು ಸರಿ. ತಿಂಗಳುಗಟ್ಟಲೆ ಇರುವವರಿಗೆ ಆಸನ ಮಾತ್ರ ಸಾಲದು, ಭಾರವಿಲ್ಲದ ಕಡೆ ಆಸನಕ್ಕೂ ಭಾರವಿಲ್ಲ. 2025ರ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಸ್ನಾಯುಕೋಶ ಮರುಬೆಳವಣಿಗೆಯದ್ದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು ಎಂಬುದನ್ನು ಈ ಪುಟಗಳ ಓದುಗರು ತಿಳಿದಿರಲಿ.

ಮರಳುವ ದಾರಿ ಇನ್ನೊಂದು ಪರೀಕ್ಷೆ. ರಷ್ಯಾದ ಸೊಯೂಜ್ ನೌಕೆಯಲ್ಲಿ ಅಂಗಾತ, ಮೊಣಕಾಲು ಮಡಚಿ ಮಲಗಿ ಬರುತ್ತಾರೆ, ಭಾರ ಎದೆಯಿಂದ ಬೆನ್ನಿಗೆ ಹಾಯುತ್ತದೆಯೇ ಹೊರತು ತಲೆಯಿಂದ ಸೊಂಟಕ್ಕಲ್ಲ. ಪ್ರತಿಯೊಬ್ಬರ ಮೈಯ ಅಚ್ಚನ್ನು ಜಿಪ್ಸಮ್‌ನಲ್ಲಿ ತೆಗೆದು ಅವರಿಗಷ್ಟೇ ಹೊಂದುವ ಸೀಟಿನ ಒಳಹಾಸು ಮಾಡುತ್ತಾರೆ. ಬೆನ್ನು ಉದ್ದವಾಗುವುದನ್ನು ಲೆಕ್ಕ ಹಾಕಿ ನೆತ್ತಿಯ ಬಳಿ ಜಾಗ ಬಿಡುತ್ತಾರೆ. ನೆಲಕ್ಕೆ ಒಂದು ಮೀಟರಿಗೂ ಕಡಿಮೆ ಎತ್ತರದಲ್ಲಿ ಪುಟ್ಟ ಎಂಜಿನ್‌ಗಳು ಉರಿದು ಹೊಡೆತ ತಗ್ಗಿಸುತ್ತವೆ. ಇಷ್ಟಾದರೂ 2008ರ ಏಪ್ರಿಲ್‌ನಲ್ಲಿ ಸೊಯೂಜ್ ಟಿಎಂಎ-11 ದಾರಿ ತಪ್ಪಿ ಕಡಿದಾಗಿ ಇಳಿದು ಎಂಟು ಜಿ ದಾಟಿದಾಗ ದಕ್ಷಿಣ ಕೊರಿಯಾದ ಯೀ ಸೋ-ಯಾನ್ ಬೆನ್ನುನೋವಿನಿಂದ ಆಸ್ಪತ್ರೆ ಸೇರಬೇಕಾಯಿತು. ಅವರು ಬಾಹ್ಯಾಕಾಶದಲ್ಲಿ ಇದ್ದದ್ದು ಹನ್ನೊಂದು ದಿನಕ್ಕೂ ಕಡಿಮೆ.

ಗಗನಯಾನದ ಬಗ್ಗೆ ಚರ್ಚೆ ನಡೆದಾಗಲೆಲ್ಲ ಮೂಳೆ ಸವೆತದ ಮಾತು ಬರುತ್ತದೆ. ಮೂವರು, ಮೂರು ದಿನ, 400 ಕಿಲೊಮೀಟರ್ ಎತ್ತರ, ಸಮುದ್ರಕ್ಕೆ ಇಳಿಕೆ ಎಂಬ ಯೋಜನೆಯಲ್ಲಿ ಮೂಳೆ ಸವೆತ ಚಿಂತೆಯ ವಿಷಯವೇ ಅಲ್ಲ. ಚಿಂತಿಸಬೇಕಾದದ್ದು ಬೆನ್ನುನೋವು ಅತಿ ಹೆಚ್ಚಾಗಿ ಕಾಣುವ ದಿನಗಳೇ ಇಡೀ ಯಾನ ಎಂಬುದು, ಉದ್ದವಾದ ಬೆನ್ನು ಅದೇ ಸ್ಥಿತಿಯಲ್ಲಿ ಸೀಟಿನಲ್ಲಿ ಬಿಗಿದು ನೀರಿಗೆ ಬೀಳುವ ಹೊಡೆತ ತಿನ್ನುತ್ತದೆ ಎಂಬುದು. ಸೀಟಿನ ಒಳಹಾಸಿನಲ್ಲಿ ಎಷ್ಟು ಸೆಂಟಿಮೀಟರ್ ಬಿಟ್ಟಿದ್ದಾರೆ, ಅಲೆ ಎದ್ದಾಗ ಓರೆಯಾಗಿ ಬಿದ್ದರೆ ಪಕ್ಕದ ಹೊಡೆತಕ್ಕೆ ತಲೆಗೆ ಏನು ಆಸರೆ, ಹೊರಬಂದವರನ್ನು ಮಲಗಿಸಿ ಒಯ್ಯುತ್ತಾರೋ ಕ್ಯಾಮೆರಾ ಮುಂದೆ ನಿಲ್ಲಿಸುತ್ತಾರೋ, ಪತ್ರಕರ್ತರು ಇಸ್ರೊ ಗೋಷ್ಠಿಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. 2035ರ ಹೊತ್ತಿಗೆ ಭಾರತದ್ದೇ ನಿಲ್ದಾಣ ಎನ್ನುತ್ತಿದ್ದಾರೆ. ಅದರ ವ್ಯಾಯಾಮ ಯಂತ್ರಕ್ಕೆ ಜಾಗ, ವಿದ್ಯುತ್ತು, ನಿಲ್ದಾಣವನ್ನು ನಡುಗಿಸದ ಕಂಪನ-ತಡೆ ಈಗಿನ ನಕ್ಷೆಯಲ್ಲೇ ಇರಬೇಕು, ಆಮೇಲೆ ಮೂಲೆಯಲ್ಲಿ ತುರುಕಲು ಬರುವುದಿಲ್ಲ.

ಕೊನೆಗೆ, ವಾಯುಪಡೆ ಸೇರಬೇಕೆಂದಿರುವ ಹುಡುಗ-ಹುಡುಗಿಯರಿಗೆ. ಹಾರಾಟ ಶಾಖೆಯ ವೈದ್ಯಕೀಯದಲ್ಲಿ ಕತ್ತು, ಎದೆ, ಸೊಂಟ ಮೂರೂ ಭಾಗದ ಬೆನ್ನುಮೂಳೆಯ ಎಕ್ಸ್-ರೇ ತೆಗೆಯುತ್ತಾರೆ. 15 ಡಿಗ್ರಿಗಿಂತ ಹೆಚ್ಚಿನ ಪಕ್ಕಬಾಗು, ಮಣಿ ಮುಂದಕ್ಕೆ ಜಾರಿರುವುದು, ಹಳೆಯ ಕುಸಿತ, ಡಿಸ್ಕ್ ಸರಿದದ್ದು ಇದ್ದರೆ ತಿರಸ್ಕಾರ. ಕಾಲಿನ ಉದ್ದ 99ರಿಂದ 120 ಸೆಂಟಿಮೀಟರ್, ತೊಡೆ 64ಕ್ಕಿಂತ ಹೆಚ್ಚಿಲ್ಲ, ಕೂತ ಎತ್ತರ 81.5ರಿಂದ 96. ತೊಡೆ ಉದ್ದವಾದರೆ ಸೀಟು ಹಾರುವಾಗ ಮೊಣಕಾಲು ಫಲಕಕ್ಕೆ ಬಡಿಯುತ್ತದೆ, ತೊಡೆಯ ಅಳತೆಯ ಹಿಂದೆ ಇರುವುದು ಅಷ್ಟೇ. ಅಡ್ಡಕಂಬಿಗೆ ನೇತಾಡಿ ಎತ್ತರವಾಗುತ್ತೇವೆಂದು ದುಡ್ಡು ಕಳೆಯಬೇಡಿ. ಸಂಜೆಗಿಂತ ಬೆಳಿಗ್ಗೆ ಎಲ್ಲರೂ ಸೆಂಟಿಮೀಟರಿನಷ್ಟು ಎತ್ತರವೇ, ಅಳೆಯುವವರಿಗೂ ಅದು ಗೊತ್ತು. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಡಿಸ್ಕ್ ನೀರು ತುಂಬಿ ಬಿಗಿದಿರುತ್ತದೆ, ಆಗ ಬಗ್ಗಿ ಭಾರ ಎತ್ತುವ ಕಸರತ್ತು ಬಿಡಿ. ಆರು ತಿಂಗಳ ಮುಂಚೆಯೇ ಸ್ವಂತ ಖರ್ಚಿನಲ್ಲಿ ಒಂದು ಎಕ್ಸ್-ರೇ ತೆಗೆಸಿ ಮೂಳೆ ವೈದ್ಯರಿಗೆ ತೋರಿಸಿದರೆ ತಿರಸ್ಕೃತರಾಗಿ ಅಪೀಲು, ಮರುಪರೀಕ್ಷೆ ಎಂದು ಅಲೆಯುವುದು ತಪ್ಪುತ್ತದೆ.

ಇಂತಿ,
ವೈಮಾನಿಕ ವೈದ್ಯಕೀಯ ಮತ್ತು ಫಿಸಿಯೋಥೆರಪಿ ಕ್ಷೇತ್ರದ ಕೆಲವರು,
ಬೆಂಗಳೂರು